ಖಾಸಗಿತನ ಯಾರಿಂದ? ಇಮೇಲ್ ಮತ್ತು ಸಾಮಾಜಿಕ ಜಾಲತಾಣ ಬಳಸುವವರು ತಿಳಿದಿರಬೇಕಾದ ಸಂಗತಿಗಳು

ಇಮೇಲ್ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ನಮ್ಮ ಖಾಸಗಿ ವಿಷಯಗಳನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಪಾಸ್‌ವರ್ಡ್ ಗಟ್ಟಿಯಾಗಿರಲಿ, ಅಪರಿಚಿತರ ಸ್ನೇಹ ಬೇಡ. ಎರಡೂ ಸರಿಯೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕಾಪಾಡಿಕೊಳ್ಳಬೇಕಾದದ್ದು ಯಾರಿಂದ? ಪರಿಚಿತರ ಕುತೂಹಲದಿಂದಲೇ, ಹಣ ದೋಚುವ ವಂಚಕರಿಂದಲೇ, ಸೇವೆ ಕೊಡುವ ಕಂಪನಿಯಿಂದಲೇ, ಉದ್ಯೋಗ ಕೊಟ್ಟವರು ಅಥವಾ ಸರ್ಕಾರದಂಥ ಅಧಿಕಾರಸ್ಥರಿಂದಲೇ? ಒಬ್ಬರನ್ನು ತಡೆಯುವ ಕ್ರಮ ಇನ್ನೊಬ್ಬರ ಮುಂದೆ ಏನೂ ಕೆಲಸಕ್ಕೆ ಬಾರದೆ ಹೋಗಬಹುದು. ‘ಸ್ನೇಹಿತರಿಗೆ ಮಾತ್ರ’ ಎಂಬ ಆಯ್ಕೆ ಅಪರಿಚಿತರನ್ನು ದೂರವಿಡುತ್ತದೆ, ಆದರೆ ಆ ಬರಹ ಕಂಪನಿಯ ಸರ್ವರಿನಲ್ಲಿ ಮೊದಲಿನಂತೆಯೇ ಇರುತ್ತದೆ. ಗಟ್ಟಿ ಪಾಸ್‌ವರ್ಡ್ ಕಳ್ಳನನ್ನು ತಡೆಯುತ್ತದೆ, ಆದರೆ ನಂಬಿ ಹೇಳಿಕೊಂಡ ಮಾತನ್ನು ಸ್ಕ್ರೀನ್‌ಶಾಟ್ ತೆಗೆದು ಹಂಚುವ ಪರಿಚಿತರನ್ನು ತಡೆಯಲಾರದು. ‘ಯಾರಿಂದ’ ಎಂಬುದು ಸ್ಪಷ್ಟವಾದರೆ ಉಳಿದ ಸಲಹೆಗಳಲ್ಲಿ ಯಾವುದು ತನಗೆ ಬೇಕು, ಯಾವುದು ಬೇಡ ಎಂಬುದನ್ನು ಓದುಗರು ತಾವೇ ನಿರ್ಧರಿಸಿಕೊಳ್ಳಬಲ್ಲರು.

ಇಮೇಲ್ ಸಾಗುವ ದಾರಿ

ಇಮೇಲ್ ಕಳುಹಿಸಲು ಇಂದಿಗೂ ಬಳಕೆಯಲ್ಲಿರುವ ಎಸ್‌ಎಂಟಿಪಿ ಎಂಬ ನಿಯಮಾವಳಿ ರೂಪುಗೊಂಡದ್ದು 1982ರಲ್ಲಿ. ಆಗ ಜಾಲದಲ್ಲಿದ್ದವು ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಕಂಪ್ಯೂಟರುಗಳು. ಸಂದೇಶವನ್ನು ಇತರರಿಗೆ ಅರ್ಥವಾಗದಂತೆ ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ, ಅಂದರೆ ಎನ್‌ಕ್ರಿಪ್ಷನ್, ಆ ಮೂಲ ವಿನ್ಯಾಸದಲ್ಲಿ ಇರಲಿಲ್ಲ. ಅದನ್ನು ಸೇರಿಸಿದ್ದು ಆಮೇಲೆ, ಅದೂ ದಾರಿಯ ಮಟ್ಟಿಗೆ ಮಾತ್ರ. ಇಂದು ದೊಡ್ಡ ಸೇವೆಗಳ ನಡುವೆ ಸಾಗುವ ಪತ್ರಕ್ಕೆ ಟಿಎಲ್‌ಎಸ್ ಎಂಬ ರಕ್ಷಣೆ ಇರುತ್ತದೆ. ನಡುವೆ ಯಾರಾದರೂ ಕದ್ದು ನೋಡಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಆದರೆ ಕಳುಹಿಸುವವರ ಮತ್ತು ಪಡೆಯುವವರ ಕಂಪನಿಗಳ ಸರ್ವರುಗಳಲ್ಲಿ ಆ ಪತ್ರ ಅವರು ಬಿಚ್ಚಿ ನೋಡಬಹುದಾದ ರೂಪದಲ್ಲೇ ಇರುತ್ತದೆ.

ಇದು ಬರೀ ಊಹೆಯ ಮಾತಲ್ಲ. 2004ರಲ್ಲಿ ಜಿಮೇಲ್ ಆರಂಭವಾದಾಗ, ಪತ್ರದಲ್ಲಿರುವ ಪದಗಳನ್ನು ಯಂತ್ರದಿಂದ ಓದಿಸಿ ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ತೋರಿಸುವುದು ಅದರ ವ್ಯವಹಾರದ ಭಾಗವಾಗಿತ್ತು. ಜಾಹೀರಾತಿಗಾಗಿ ಪತ್ರಗಳನ್ನು ಓದಿಸುವುದನ್ನು ನಿಲ್ಲಿಸುವುದಾಗಿ ಗೂಗಲ್ ಹೇಳಿದ್ದು 2017ರಲ್ಲಿ. ಅಂಚೆಕಸವನ್ನು (ಸ್ಪ್ಯಾಮ್) ಬೇರ್ಪಡಿಸಲು, ವೈರಸ್ ಹಿಡಿಯಲು ಯಂತ್ರಗಳು ಈಗಲೂ ಪತ್ರಗಳನ್ನು ಓದುತ್ತವೆ, ಅದು ಬೇಕಾದ ಕೆಲಸವೇ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಯಾವ ಉದ್ದೇಶಕ್ಕೆ ಓದಬೇಕು ಎಂಬುದನ್ನು ನಿರ್ಧರಿಸಿದ್ದೂ, ಬದಲಿಸಿದ್ದೂ ಕಂಪನಿಯೇ.

ಪತ್ರವನ್ನು ಕಳುಹಿಸಿದವರು ಮತ್ತು ಪಡೆದವರು ಮಾತ್ರ ಓದುವಂತೆ ಮಾಡುವ ವಿಧಾನವೂ ಹಳೆಯದೇ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಬಿಡುಗಡೆ ಮಾಡಿದ ಪಿಜಿಪಿ ಆ ಕೆಲಸ ಮಾಡುತ್ತಿತ್ತು. ಇಬ್ಬರೂ ಅದನ್ನು ಅಳವಡಿಸಿಕೊಳ್ಳಬೇಕು, ಇಬ್ಬರೂ ತಮ್ಮ ಗುಪ್ತಕೀಲಿಗಳನ್ನು ಕಾಪಾಡಿಕೊಳ್ಳಬೇಕು ಎಂಬ ಶ್ರಮದಿಂದಾಗಿ ಅದು ಸಾಮಾನ್ಯ ಬಳಕೆಗೆ ಬರಲೇ ಇಲ್ಲ. ಈ ಶ್ರಮವನ್ನು ಬಳಕೆದಾರರಿಂದ ತಪ್ಪಿಸುವ ಪ್ರೋಟಾನ್ ಮೇಲ್‌ನಂಥ ಸೇವೆಗಳು ಈಗಿವೆ. ಆದರೆ ಅಲ್ಲಿಂದ ಹೊರಗಿನ ಸಾಮಾನ್ಯ ವಿಳಾಸಕ್ಕೆ ಕಳುಹಿಸಿದ ಸಾಮಾನ್ಯ ಪತ್ರ, ಆ ತುದಿಯ ಸರ್ವರಿನಲ್ಲಿ ಬಿಚ್ಚಿದ ರೂಪದಲ್ಲೇ ಕುಳಿತಿರುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ನಾವು ಎಷ್ಟೇ ಒಳ್ಳೆಯ ಸೇವೆಯನ್ನು ಆರಿಸಿಕೊಂಡರೂ ಪತ್ರದ ಅರ್ಧ ಖಾಸಗಿತನ ಎದುರಿನವರ ಕೈಯಲ್ಲಿದೆ. ಆದ್ದರಿಂದ ಗುರುತಿನ ಚೀಟಿಯ ಪ್ರತಿ, ವೈದ್ಯಕೀಯ ವರದಿ, ಬ್ಯಾಂಕ್ ವಿವರಗಳಂಥವನ್ನು ಇಮೇಲ್‌ನಲ್ಲಿ ಕಳುಹಿಸಲೇಬೇಕಾದರೆ ಪಾಸ್‌ವರ್ಡ್ ಹಾಕಿದ ಕಡತವಾಗಿ ಕಳುಹಿಸಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳುವುದು ಒಳ್ಳೆಯದು. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಮಾಡಿದ್ದೆಲ್ಲ ವ್ಯರ್ಥ.

ಪತ್ರದ ಒಳಗಿನ ಮಾತಿಗಿಂತ ಹೊರಗಿನ ವಿವರಗಳು ಹೆಚ್ಚು ಹೇಳುವ ಸಂದರ್ಭಗಳೂ ಉಂಟು. ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಐಪಿ ವಿಳಾಸದಿಂದ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಎಂಬ ಈ ವಿವರಗಳನ್ನು ಮೆಟಾಡೇಟಾ ಎನ್ನುತ್ತಾರೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನಿರ್ದೇಶಕರಾಗಿದ್ದ ಡೇವಿಡ್ ಪೆಟ್ರೇಯಸ್ 2012ರಲ್ಲಿ ರಾಜೀನಾಮೆ ಕೊಡಬೇಕಾಗಿ ಬಂದ ಪ್ರಕರಣದಲ್ಲಿ ಇದು ಎದ್ದು ಕಂಡಿತು. ಅವರು ಮತ್ತು ಅವರ ಆಪ್ತರು ಒಂದೇ ಖಾತೆಯನ್ನು ಹಂಚಿಕೊಂಡು, ಪತ್ರಗಳನ್ನು ಕಳುಹಿಸದೆ ‘ಡ್ರಾಫ್ಟ್’ ಆಗಿಯೇ ಬಿಟ್ಟು ಓದಿಕೊಳ್ಳುತ್ತಿದ್ದರು ಎಂದು ಆಗ ವರದಿಯಾಗಿತ್ತು. ಕಳುಹಿಸದ ಪತ್ರಕ್ಕೆ ದಾರಿಯಲ್ಲಿ ಕುರುಹು ಉಳಿಯದು ಎಂಬುದು ಅವರ ಲೆಕ್ಕ. ಅದೇ ಪ್ರಕರಣದ ಇನ್ನೊಂದು ಅನಾಮಧೇಯ ಖಾತೆಗೆ ಯಾವ ಹೋಟೆಲುಗಳ ಜಾಲದಿಂದ ಲಾಗಿನ್ ಆಗಿತ್ತು ಎಂಬುದನ್ನು ಆ ದಿನಗಳ ಅತಿಥಿಗಳ ಪಟ್ಟಿಯೊಂದಿಗೆ ಹೋಲಿಸಿದ ತನಿಖಾಧಿಕಾರಿಗಳಿಗೆ ಅದನ್ನು ಬಳಸುತ್ತಿದ್ದವರು ಯಾರೆಂದು ಗೊತ್ತಾಯಿತು. ಗುಪ್ತಚರ ಸಂಸ್ಥೆಯ ಮುಖ್ಯಸ್ಥರ ಸುತ್ತಲಿನ ಗುಟ್ಟೂ ಹೀಗೆ ಬಯಲಾಯಿತು.

ಸರ್ಕಾರ ತಮ್ಮ ಹಿಂದೆ ಬಿದ್ದಿಲ್ಲ ಎಂದು ನೆಮ್ಮದಿಯಿಂದಿರುವವರ ಪತ್ರಪೆಟ್ಟಿಗೆಯಲ್ಲೂ ಪ್ರತಿದಿನ ನಡೆಯುವ ಇನ್ನೊಂದು ಕಣ್ಗಾವಲಿದೆ. ಮಾರಾಟ ಸಂಸ್ಥೆಗಳು ಕಳುಹಿಸುವ ಪತ್ರಗಳಲ್ಲಿ ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ, ಬಣ್ಣವೇ ಇಲ್ಲದ ಚಿತ್ರವೊಂದು ಹುದುಗಿರುವುದು ಸಾಮಾನ್ಯ. ಚಿತ್ರ ಪತ್ರದೊಳಗೆ ಇರುವುದಿಲ್ಲ; ಅದನ್ನು ಯಾವ ಸರ್ವರಿನಿಂದ ತರಬೇಕು ಎಂಬ ವಿಳಾಸ ಮಾತ್ರ ಇರುತ್ತದೆ, ಮತ್ತು ಆ ವಿಳಾಸ ಪ್ರತಿಯೊಬ್ಬರಿಗೂ ಬೇರೆಬೇರೆ. ಪತ್ರ ತೆರೆದ ಕ್ಷಣ ನಮ್ಮ ಫೋನು ಆ ಚಿತ್ರವನ್ನು ಕೇಳುತ್ತದೆ. ಆ ಕೋರಿಕೆಯೊಂದಿಗೆ ಇಂಥವರು ಇಷ್ಟು ಹೊತ್ತಿಗೆ, ಸುಮಾರು ಇಂಥ ಪ್ರದೇಶದಿಂದ, ಇಂಥ ಸಾಧನದಲ್ಲಿ ಪತ್ರ ತೆರೆದರು ಎಂಬ ಮಾಹಿತಿ ಕಳುಹಿಸಿದವರಿಗೆ ತಲುಪುತ್ತದೆ. ಕಣ್ಣಿಗೆ ಕಾಣದ ಚಿತ್ರವಾದ್ದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. 2013ರಿಂದ ಜಿಮೇಲ್ ಚಿತ್ರಗಳನ್ನು ತನ್ನದೇ ಸರ್ವರುಗಳ ಮೂಲಕ ತರಿಸಿಕೊಡುತ್ತಿರುವುದರಿಂದ ಓದುಗರ ಐಪಿ ವಿಳಾಸ ಮರೆಯಾಗುತ್ತದೆ, ಆದರೆ ಪತ್ರ ತೆರೆದದ್ದು ತಿಳಿಯುತ್ತದೆ. ಆ್ಯಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ಸೇರಿಸಿದ ಸೌಲಭ್ಯವನ್ನು ಆನ್ ಮಾಡಿಕೊಂಡರೆ, ಪತ್ರ ಓದಲಿ ಬಿಡಲಿ, ಚಿತ್ರಗಳನ್ನು ಮೊದಲೇ ತರಿಸಿಟ್ಟು ಈ ಲೆಕ್ಕವನ್ನೇ ಕೆಡಿಸುತ್ತದೆ. ಯಾವ ಸೇವೆಯಾದರೂ ಸರಿ, ಸೆಟ್ಟಿಂಗ್ಸ್‌ಗೆ ಹೋಗಿ ಹೊರಗಿನ ಚಿತ್ರಗಳನ್ನು ತೋರಿಸುವ ಮುನ್ನ ತನ್ನನ್ನು ಕೇಳಬೇಕು ಎಂಬ ಆಯ್ಕೆಯನ್ನು ಆರಿಸಿಕೊಂಡರೆ ಈ ಬೇಹು ಬಹುಮಟ್ಟಿಗೆ ನಿಲ್ಲುತ್ತದೆ.

ಹಲವರಿಗೆ ಒಟ್ಟಿಗೆ ಪತ್ರ ಬರೆಯುವಾಗ ಎಲ್ಲರ ವಿಳಾಸಗಳನ್ನು ‘ಸಿಸಿ’ಯಲ್ಲಿ ಹಾಕಿದರೆ ಪ್ರತಿಯೊಬ್ಬರ ವಿಳಾಸವೂ ಎಲ್ಲರ ಪಾಲಾಗುತ್ತದೆ. ಪರಸ್ಪರ ಪರಿಚಯವಿಲ್ಲದವರಿಗೆ ಬರೆಯುವಾಗ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ‘ಬಿಸಿಸಿ’ ಬಳಸುವುದು ಇತರರ ಖಾಸಗಿತನಕ್ಕೆ ನಾವು ಕೊಡಬೇಕಾದ ಕನಿಷ್ಠ ಗೌರವ.

ಎಲ್ಲ ಖಾತೆಗಳ ಬೇರು

ಇಮೇಲ್ ಖಾತೆಯೆಂದರೆ ಮನೆಯ ಎಲ್ಲ ಬೀಗಗಳ ಕೀಲಿಗಳನ್ನೂ ತೂಗುಹಾಕಿರುವ ಗೂಟವಿದ್ದಂತೆ. ಬ್ಯಾಂಕು, ಜಾಲತಾಣ, ಅಂಗಡಿ, ಯಾವುದರ ಪಾಸ್‌ವರ್ಡ್ ಮರೆತರೂ ಹೊಸದನ್ನು ಪಡೆಯುವ ಲಿಂಕ್ ಬರುವುದು ಬಹುತೇಕ ಇಮೇಲ್‌ಗೇ. ಹಾಗಾಗಿ ಬೇರೆ ಎಲ್ಲ ಖಾತೆಗಳಿಗೆ ಒಟ್ಟು ಎಷ್ಟು ಎಚ್ಚರ ವಹಿಸುತ್ತೇವೆಯೋ ಅಷ್ಟನ್ನು ಈ ಒಂದಕ್ಕೆ ವಹಿಸಿದರೂ ಹೆಚ್ಚಾಗದು.

ಅಮೆರಿಕದ ಉಪಾಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಗೆ 2008ರಲ್ಲಿ ಒಬ್ಬ ವಿದ್ಯಾರ್ಥಿ ನುಗ್ಗಿದ. ಅದಕ್ಕೆ ಅವನಿಗೆ ಹ್ಯಾಕಿಂಗ್ ವಿದ್ಯೆ ಬೇಕಾಗಲಿಲ್ಲ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದಾಗ ಬಂದ ಪ್ರಶ್ನೆಗಳು ಹುಟ್ಟಿದ ದಿನಾಂಕ, ಅಂಚೆ ಸಂಖ್ಯೆ, ಪತಿಯನ್ನು ಮೊದಲು ಭೇಟಿಯಾದ ಸ್ಥಳ. ಮೂರಕ್ಕೂ ಉತ್ತರ ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಸಿಗುತ್ತಿತ್ತು. ಪ್ರಸಿದ್ಧರ ಬಗ್ಗೆ ಪತ್ರಿಕೆಗಳು ಬರೆದಿಡುವ ಇಂಥ ವಿವರಗಳನ್ನು ಸಾಮಾನ್ಯರು ತಮ್ಮ ಜಾಲತಾಣದ ಪುಟದಲ್ಲಿ ತಾವೇ ಬರೆದಿಟ್ಟಿರುತ್ತಾರೆ. ಓದಿದ ಶಾಲೆ, ತಾಯಿಯ ತವರುಮನೆಯ ಹೆಸರು, ಸಾಕುನಾಯಿಯ ಹೆಸರು, ಮೊದಲ ವಾಹನದ ಚಿತ್ರ ಎಲ್ಲವೂ ಅಲ್ಲಿವೆ. ಭದ್ರತಾ ಪ್ರಶ್ನೆಗಳನ್ನು ಕೇಳುವ ಸೇವೆ ಇನ್ನೂ ಎದುರಾದರೆ ನಿಜವಾದ ಉತ್ತರ ಕೊಡಬೇಕೆಂಬ ನಿಯಮವೇನೂ ಇಲ್ಲ. ಸಂಬಂಧವೇ ಇಲ್ಲದ ಉತ್ತರವನ್ನು ಕೊಟ್ಟು ಅದನ್ನು ಪಾಸ್‌ವರ್ಡಿನಂತೆಯೇ ಭದ್ರವಾಗಿ ಬರೆದಿಟ್ಟುಕೊಳ್ಳಬಹುದು.

ಪತ್ರಕರ್ತ ಮ್ಯಾಟ್ ಹೋನನ್ ಅವರಿಗೆ 2012ರಲ್ಲಿ ಆದದ್ದು ಖಾತೆಗಳು ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂಬುದನ್ನು ತೋರಿಸುತ್ತದೆ. ಅವರ ಜಿಮೇಲ್‌ನ ಮರುಪ್ರಾಪ್ತಿ ಪುಟದಲ್ಲಿ ಪರ್ಯಾಯ ವಿಳಾಸ ಅರ್ಧ ಮುಚ್ಚಿದಂತೆ ಕಾಣುತ್ತಿತ್ತು; ಮೊದಲ ಅಕ್ಷರ, ಕೊನೆಯ ಅಕ್ಷರ ಮತ್ತು ಅದು ಆ್ಯಪಲ್‌ನ ಸೇವೆ ಎಂಬುದಷ್ಟೇ ದಾಳಿಕೋರರಿಗೆ ಸಾಕಾಯಿತು. ಆ್ಯಪಲ್‌ನ ಸಹಾಯವಾಣಿ ಆಗ ಗುರುತಿಗೆ ಕೇಳುತ್ತಿದ್ದದ್ದು ಮನೆಯ ವಿಳಾಸ ಮತ್ತು ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು. ಆ ನಾಲ್ಕು ಅಂಕಿಗಳನ್ನು ದಾಳಿಕೋರರು ಹೋನನ್ ಅವರ ಅಮೆಜಾನ್ ಖಾತೆಯಿಂದ ಪಡೆದರು. ಒಂದು ಕಂಪನಿ ಯಾರಿಗಾದರೂ ತೋರಿಸಬಹುದು ಎಂದುಕೊಂಡಿದ್ದ ಅಂಕಿಗಳನ್ನೇ ಇನ್ನೊಂದು ಕಂಪನಿ ಗುರುತಿನ ಸಾಕ್ಷಿಯೆಂದು ಒಪ್ಪುತ್ತಿತ್ತು. ಆ್ಯಪಲ್ ಖಾತೆಯಿಂದ ಜಿಮೇಲ್, ಜಿಮೇಲ್‌ನಿಂದ ಟ್ವಿಟರ್ ಅವರ ಕೈಸೇರಿದವು. ನಡುವೆ ಹೋನನ್ ಅವರ ಫೋನು, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ದಾಳಿಕೋರರಿಗೆ ಬೇಕಾಗಿದ್ದದ್ದು ಅವರ ಮೂರಕ್ಷರದ ಟ್ವಿಟರ್ ಹೆಸರು ಮಾತ್ರ.

ಇಂಥ ಸುತ್ತುದಾರಿ ಹಿಡಿಯದೆ ನೇರವಾಗಿ ಪಾಸ್‌ವರ್ಡನ್ನೇ ಕೇಳಿ ಪಡೆಯುವ ಫಿಶಿಂಗ್ ಇಂದಿಗೂ ಹೆಚ್ಚು ಫಲ ಕೊಡುವ ವಂಚನೆ. ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷರಾಗಿದ್ದ ಜಾನ್ ಪೊಡೆಸ್ಟಾ ಅವರಿಗೆ 2016ರ ಮಾರ್ಚ್‌ನಲ್ಲಿ ಗೂಗಲ್ ಹೆಸರಿನಲ್ಲಿ ಒಂದು ಪತ್ರ ಬಂತು: ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿದೆ, ಕೂಡಲೇ ಬದಲಿಸಿ. ಅನುಮಾನ ಬಂದು ಸಿಬ್ಬಂದಿ ತಂತ್ರಜ್ಞರನ್ನು ಕೇಳಿದರು. ಪತ್ರ ಅಸಲಿ ಎಂದೇ ಉತ್ತರ ಬಂತು. ಆ ಉತ್ತರ ಬರೆದವರು, ‘ಅಸಲಿ’ ಎಂಬುದು ತಾವು ಹೇಳಬೇಕೆಂದಿದ್ದಕ್ಕೆ ವಿರುದ್ಧವಾಗಿ ಕೈತಪ್ಪಿ ಬಂದ ಪದ ಎಂದು ನಂತರ ವಿವರಿಸಿದರು. ಅದೇ ಉತ್ತರದಲ್ಲಿ ಗೂಗಲ್‌ನ ನಿಜವಾದ ಪುಟದ ವಿಳಾಸವೂ ಇತ್ತು, ಆದರೆ ಒತ್ತಿದ್ದು ಮೂಲಪತ್ರದಲ್ಲಿದ್ದ ಗುಂಡಿಯನ್ನು. ಇದರಿಂದ ತೆಗೆದುಕೊಳ್ಳಬಹುದಾದ ಅಭ್ಯಾಸ ಒಂದೇ, ಮತ್ತು ಅದು ಪತ್ರ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಜಾಣ್ಮೆಯನ್ನೇ ಬೇಡುವುದಿಲ್ಲ: ಎಚ್ಚರಿಕೆಯ ಪತ್ರ ಯಾರಿಂದಲೇ ಬಂದಿರಲಿ, ಅದರಲ್ಲಿರುವ ಲಿಂಕ್ ಒತ್ತದೆ, ಬ್ರೌಸರಿನಲ್ಲಿ ವಿಳಾಸವನ್ನು ತಾವೇ ಬರೆದು ಖಾತೆಗೆ ಹೋಗಿ ನೋಡುವುದು.

ಪಾಸ್‌ವರ್ಡಿನ ವಿಷಯದಲ್ಲಿ ಉದ್ದಕ್ಕಿಂತಲೂ ಮುಖ್ಯವಾದದ್ದು ಅದನ್ನು ಎರಡು ಕಡೆ ಬಳಸದಿರುವುದು. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳುವಾದ ಪಾಸ್‌ವರ್ಡುಗಳು ಸುಮಾರು 65 ಲಕ್ಷ ಎಂದು ಮೊದಲು ತಿಳಿದಿತ್ತು. 2016ರಲ್ಲಿ ಅದೇ ಕಳವಿನ 11 ಕೋಟಿಗೂ ಹೆಚ್ಚು ಇಮೇಲ್ ಮತ್ತು ಪಾಸ್‌ವರ್ಡುಗಳು ಮಾರಾಟಕ್ಕೆ ಬಂದವು. ಯಾಹೂ ಮೇಲೆ 2013ರಲ್ಲಿ ನಡೆದ ದಾಳಿಯಲ್ಲಿ ಸಿಕ್ಕಿಬಿದ್ದದ್ದು ಅದರ ಅಷ್ಟೂ ಖಾತೆಗಳು, ಅಂದರೆ 300 ಕೋಟಿ, ಎಂದು ಕಂಪನಿ ಒಪ್ಪಿಕೊಂಡದ್ದು 2017ರಲ್ಲಿ. ಕಳುವಿಗೂ ಸುದ್ದಿಗೂ ನಡುವಿನ ಈ ವರ್ಷಗಳಲ್ಲಿ ಕಳ್ಳರು ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಬೇರೆ ಸೇವೆಗಳಲ್ಲಿ ಒಂದೊಂದಾಗಿ ಪ್ರಯತ್ನಿಸಿ ನೋಡಬಹುದು. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಎಂದರೆ ನೆನಪಿನಲ್ಲಿಡುವುದು ಸಾಧ್ಯವಿಲ್ಲದ ಮಾತು. ಆ ಕೆಲಸವನ್ನು ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶಕ್ಕೆ ಬಿಡುವುದೇ ಸರಿ. ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ಜಾಲತಾಣದಲ್ಲಿ ಇಮೇಲ್ ವಿಳಾಸ ಕೊಟ್ಟರೆ, ತಿಳಿದುಬಂದಿರುವ ಯಾವ ಸೋರಿಕೆಗಳಲ್ಲಿ ಅದು ಸೇರಿದೆ ಎಂಬುದನ್ನು ಅದು ಹೇಳುತ್ತದೆ. ಕಾರಣವಿಲ್ಲದೆ ಆಗಾಗ ಪಾಸ್‌ವರ್ಡ್ ಬದಲಿಸಬೇಕೆಂಬ ಹಳೆಯ ಸಲಹೆಯನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿದೆ, ಏಕೆಂದರೆ ಪದೇ ಪದೇ ಬದಲಿಸಬೇಕಾದವರು ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾ ಹೋಗುತ್ತಾರೆ.

ಎರಡನೆಯ ಹಂತದ ದೃಢೀಕರಣ ಇಮೇಲ್‌ಗೆ ಅತ್ಯಗತ್ಯ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು, ಆದರೆ ಅದು ಫೋನ್ ಸಂಖ್ಯೆಯನ್ನು ನಂಬಿದೆ. ಮೊಬೈಲ್ ಕಂಪನಿಯನ್ನು ಮರುಳುಮಾಡಿ ಇನ್ನೊಬ್ಬರ ಸಂಖ್ಯೆಯನ್ನು ತನ್ನ ಸಿಮ್‌ಗೆ ವರ್ಗಾಯಿಸಿಕೊಳ್ಳುವ ವಂಚನೆಗೆ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಅವರೇ 2019ರಲ್ಲಿ ತುತ್ತಾಗಿ, ಅವರದೇ ಟ್ವಿಟರ್ ಖಾತೆಯಿಂದ ಬೇರೆಯವರು ಬರೆಯುವಂತಾಯಿತು. ಫೋನಿನಲ್ಲೇ ಸಂಖ್ಯೆ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಇದಕ್ಕಿಂತ ಭದ್ರ. ಪಾಸ್‌ವರ್ಡಿನ ಬದಲು ಬಳಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ ಇನ್ನೂ ಭದ್ರ, ಏಕೆಂದರೆ ಅದು ಅಸಲಿ ತಾಣದ ವಿಳಾಸಕ್ಕೆ ಮಾತ್ರ ಸ್ಪಂದಿಸುತ್ತದೆ. ಬಳಕೆದಾರರು ಮೋಸಹೋದರೂ ಅದು ನಕಲಿ ಪುಟದಲ್ಲಿ ಕೆಲಸ ಮಾಡುವುದಿಲ್ಲ.

ಖಾತೆಗೆ ಯಾರೋ ನುಗ್ಗಿದ್ದಾರೆಂಬ ಸಂಶಯ ಬಂದಾಗ ಹೆಚ್ಚಿನವರು ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು. ನುಗ್ಗಿದವರು ಸೆಟ್ಟಿಂಗ್ಸ್‌ನ ಮೂಲೆಯಲ್ಲಿರುವ ‘ಫಾರ್ವರ್ಡಿಂಗ್’ ಭಾಗದಲ್ಲಿ ತಮ್ಮ ವಿಳಾಸವನ್ನು ಸೇರಿಸಿ, ಬರುವ ಪ್ರತಿ ಪತ್ರದ ಪ್ರತಿಯೂ ತಮಗೆ ಸೇರುವಂತೆ ಮಾಡಿರಬಹುದು. ಬ್ಯಾಂಕಿನ ಪತ್ರಗಳು ಇನ್‌ಬಾಕ್ಸ್‌ಗೆ ಬಾರದೆ ನೇರವಾಗಿ ಕಸದ ಡಬ್ಬಿಗೆ ಹೋಗುವಂತೆ ಫಿಲ್ಟರ್ ಹಾಕಿರಬಹುದು. ಪಾಸ್‌ವರ್ಡ್ ಬದಲಾದರೂ ಇವು ಹಾಗೆಯೇ ಉಳಿಯುತ್ತವೆ. ಫಾರ್ವರ್ಡಿಂಗ್, ಫಿಲ್ಟರ್, ಮರುಪ್ರಾಪ್ತಿಯ ವಿಳಾಸ ಮತ್ತು ಫೋನ್ ಸಂಖ್ಯೆ, ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ಅನುಮತಿ ಪಡೆದಿರುವ ಹೊರಗಿನ ಆ್ಯಪ್‌ಗಳು, ಈ ಐದನ್ನೂ ಆಗ ತೆರೆದು ನೋಡಲೇಬೇಕು.

ಜಾಲತಾಣಕ್ಕೆ ನಾವು ಹೇಳದಿದ್ದರೂ ತಿಳಿಯುವುದು

ಸಾಮಾಜಿಕ ಜಾಲತಾಣದಲ್ಲಿ ಜನ ಎಚ್ಚರವಹಿಸುವುದು ತಾವು ಬರೆಯುವ ಮಾತಿನ ಬಗ್ಗೆ. ಆದರೆ ನಮ್ಮ ಬಗ್ಗೆ ಅಲ್ಲಿ ಸೇರುವ ಮಾಹಿತಿಯಲ್ಲಿ ನಾವು ಬರೆದದ್ದು ಒಂದು ಪಾಲು ಮಾತ್ರ. ನಮ್ಮ ಬಗ್ಗೆ ಇತರರು ಹಾಕುವುದು, ನಮ್ಮ ನಡೆಯಿಂದ ಯಂತ್ರ ಊಹಿಸುವುದು ಉಳಿದದ್ದು.

ಊಹೆಯ ಬಲ ಎಷ್ಟೆಂಬುದನ್ನು ಮೈಕಲ್ ಕೋಸಿನ್ಸ್‌ಕಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಸ್ವಯಿಚ್ಛೆಯಿಂದ ಮುಂದೆ ಬಂದ 58,000ಕ್ಕೂ ಹೆಚ್ಚು ಜನರ ಫೇಸ್‌ಬುಕ್ ‘ಲೈಕ್’ಗಳನ್ನಷ್ಟೇ ನೋಡಿ, ಅಮೆರಿಕದ ಎರಡು ಪಕ್ಷಗಳಲ್ಲಿ ಅವರು ಯಾವುದರ ಬೆಂಬಲಿಗರು ಎಂಬುದನ್ನು ಶೇ 85ರಷ್ಟು ನಿಖರವಾಗಿ ಗುರುತಿಸಲು ಸಾಧ್ಯವಾಯಿತು. ರಾಜಕೀಯದ ಬಗ್ಗೆ ಏನೂ ಹೇಳದ ಲೈಕ್‌ಗಳೂ ಸುಳಿವಾಗುತ್ತಿದ್ದವು. ಯಾವ ಸುಳಿವಿನಿಂದ ಏನು ಗೊತ್ತಾಗುತ್ತದೆ ಎಂಬುದು ಬಳಕೆದಾರರಿಗೆ ತಿಳಿಯುವ ಸಂಗತಿಯೇ ಅಲ್ಲ. ಹಾಗಾಗಿ ‘ಮುಖ್ಯವಾದದ್ದನ್ನು ನಾನು ಹಾಕುವುದಿಲ್ಲ’ ಎಂಬ ಸಮಾಧಾನ ಇಲ್ಲಿ ಹೆಚ್ಚು ಬಾಳುವುದಿಲ್ಲ. ಹುಟ್ಟಿದ ದಿನಾಂಕವನ್ನು ವರ್ಷದೊಂದಿಗೆ ಎಲ್ಲರಿಗೂ ತೋರಿಸುವವರಿಗೆ ಇನ್ನೊಂದು ಮಾತು. 1990ರ ಜನಗಣತಿಯನ್ನು ಆಧರಿಸಿ ಲಟಾನ್ಯಾ ಸ್ವೀನಿ ಮಾಡಿದ ಲೆಕ್ಕದಂತೆ, ಅಮೆರಿಕದ ಶೇ 87ರಷ್ಟು ಜನರನ್ನು ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಖ್ಯೆ ಈ ಮೂರರಿಂದಲೇ ಬೇರೆ ಯಾರೂ ಅಲ್ಲ, ಇವರೇ ಎಂದು ಗುರುತಿಸಬಹುದಾಗಿತ್ತು. ಹೆಸರಿಲ್ಲದ ಕಡತದಲ್ಲೂ ವ್ಯಕ್ತಿ ಸಿಕ್ಕಿಬೀಳುವುದು ಹೀಗೆ.

ಫೋಟೋಗಳ ವಿಷಯದಲ್ಲಿ ಚೌಕಟ್ಟಿನೊಳಗೆ ಕಾಣುವುದಷ್ಟೇ ಲೆಕ್ಕವಲ್ಲ. ಕ್ಯಾಮೆರಾ ಆ್ಯಪ್‌ಗೆ ಸ್ಥಳದ ಅನುಮತಿ ಇದ್ದರೆ ಪ್ರತಿ ಚಿತ್ರದ ಕಡತದಲ್ಲೂ ಅಕ್ಷಾಂಶ ರೇಖಾಂಶಗಳು ದಾಖಲಾಗುತ್ತವೆ. ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮೆಕಾಫಿ ಅವರ ಚಿತ್ರವನ್ನು 2012ರಲ್ಲಿ ಪತ್ರಿಕೆಯೊಂದು ಪ್ರಕಟಿಸಿದಾಗ, ಅವರು ಗ್ವಾಟೆಮಾಲಾದಲ್ಲಿ ಎಲ್ಲಿದ್ದಾರೆ ಎಂಬುದು ಆ ಕಡತದಿಂದಲೇ ಬಯಲಾಯಿತು. ದೊಡ್ಡ ಜಾಲತಾಣಗಳು ಚಿತ್ರ ಪ್ರಕಟಿಸುವಾಗ ಈ ವಿವರವನ್ನು ನೋಡುಗರಿಂದ ತೆಗೆದುಹಾಕುತ್ತವೆ, ಆದರೆ ಜಾಲತಾಣಕ್ಕೆ ಅದು ತಲುಪಿರುತ್ತದೆ. ಇಮೇಲ್‌ಗೆ ಲಗತ್ತಿಸಿದ ಮೂಲ ಚಿತ್ರದಲ್ಲಂತೂ ಸಾಮಾನ್ಯವಾಗಿ ಎಲ್ಲವೂ ಹಾಗೆಯೇ ಹೋಗುತ್ತದೆ. ಕ್ಯಾಮೆರಾಗೆ ಸ್ಥಳದ ಅನುಮತಿ ನಿರಾಕರಿಸಿದರೆ ಈ ತೊಂದರೆ ಮೂಲದಲ್ಲೇ ಮುಗಿಯುತ್ತದೆ. ಸ್ಟ್ರಾವಾ ಎಂಬ ವ್ಯಾಯಾಮದ ಜಾಲ 2017ರಲ್ಲಿ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಕೂಡಿಸಿ, ಹೆಸರುಗಳಿಲ್ಲದ ಭೂಪಟವೊಂದನ್ನು ಪ್ರಕಟಿಸಿತು. ಮರುಭೂಮಿಯ ಕತ್ತಲೆಯ ನಡುವೆ ಹೊಳೆಯುತ್ತಿದ್ದ ಗೆರೆಗಳು ಸೇನಾನೆಲೆಗಳ ಒಳದಾರಿಗಳೆಂದು 2018ರ ಜನವರಿಯಲ್ಲಿ ವಿದ್ಯಾರ್ಥಿಯೊಬ್ಬ ಗುರುತಿಸಿದ.

ಇತರರ ಮೂಲಕ ನಮ್ಮ ಮಾಹಿತಿ ಸೋರುವುದಕ್ಕೆ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದನ್ನು ಫೇಸ್‌ಬುಕ್‌ನಲ್ಲಿ ಅಳವಡಿಸಿಕೊಂಡು ಉತ್ತರಿಸಿದವರು ಸುಮಾರು 2,70,000 ಜನ. ಆಗಿನ ನಿಯಮಗಳಂತೆ ಆ್ಯಪ್‌ಗೆ ಅವರ ಸ್ನೇಹಿತರ ವಿವರಗಳನ್ನೂ ಪಡೆಯಲು ಅವಕಾಶವಿತ್ತು. ಹೀಗೆ ಮಾಹಿತಿ ಹೋದವರ ಸಂಖ್ಯೆ 8.7 ಕೋಟಿಯವರೆಗೂ ಇರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ಅವರಲ್ಲಿ ಬಹುತೇಕರು ಆ ಪರೀಕ್ಷೆಯ ಹೆಸರನ್ನೂ ಕೇಳಿರಲಿಲ್ಲ. ಆ ನಿಯಮ ಈಗಿಲ್ಲ. ಆದರೆ ‘ಸಂಪರ್ಕಗಳನ್ನು ಸೇರಿಸಿ, ಸ್ನೇಹಿತರನ್ನು ಹುಡುಕಿ’ ಎಂಬ ಗುಂಡಿ ಈಗಲೂ ಬಹುತೇಕ ಆ್ಯಪ್‌ಗಳಲ್ಲಿದೆ. ಅದನ್ನು ಒತ್ತಿದರೆ ನಮ್ಮ ಫೋನಿನಲ್ಲಿರುವ ಎಲ್ಲರ ಸಂಖ್ಯೆಗಳೂ, ಆ ಜಾಲತಾಣವನ್ನು ಬೇಡವೆಂದು ದೂರವಿಟ್ಟವರದ್ದೂ ಸೇರಿ, ಕಂಪನಿಗೆ ಹೋಗುತ್ತವೆ. ಹೀಗೆ ಬಂದ ಸಂಪರ್ಕ ವಿವರಗಳು ತಾಂತ್ರಿಕ ದೋಷದಿಂದ 60 ಲಕ್ಷ ಬಳಕೆದಾರರ ವಿಷಯದಲ್ಲಿ ಬೇರೆಯವರಿಗೆ ಕಾಣಿಸಿಬಿಟ್ಟದ್ದನ್ನು ಫೇಸ್‌ಬುಕ್ 2013ರಲ್ಲಿ ಒಪ್ಪಿಕೊಂಡಿತ್ತು. ಸಂಪರ್ಕಗಳನ್ನು ಹುಡುಕುವ ಅದೇ ಸೌಲಭ್ಯವನ್ನು ದುರುಪಯೋಗಪಡಿಸಿಕೊಂಡು ಸಂಗ್ರಹಿಸಿದ 53 ಕೋಟಿಗೂ ಹೆಚ್ಚು ಬಳಕೆದಾರರ ವಿವರಗಳು, ಫೋನ್ ಸಂಖ್ಯೆಗಳ ಸಮೇತ, 2021ರಲ್ಲಿ ಯಾರು ಬೇಕಾದರೂ ಪಡೆಯುವಂತೆ ಅಂತರ್ಜಾಲಕ್ಕೆ ಬಂದವು. ಆದ್ದರಿಂದ ಆ ಗುಂಡಿ ಒತ್ತದಿರುವುದು, ಒತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಈಗಾಗಲೇ ಸೇರಿರುವ ಸಂಪರ್ಕಗಳನ್ನು ಅಳಿಸುವುದು, ನಮಗಿಂತ ಹೆಚ್ಚಾಗಿ ನಮ್ಮ ಪರಿಚಿತರಿಗೆ ಮಾಡುವ ಉಪಕಾರ.

ಭದ್ರತೆಗೆಂದು ಕೊಟ್ಟ ಫೋನ್ ಸಂಖ್ಯೆಯೂ ಬೇರೆ ಕೆಲಸಕ್ಕೆ ಹೋದದ್ದುಂಟು. ದೃಢೀಕರಣಕ್ಕೆಂದು ಪಡೆದ ಸಂಖ್ಯೆ ಮತ್ತು ಇಮೇಲ್‌ಗಳನ್ನು ಜಾಹೀರಾತಿಗೆ ಬಳಸಿದ್ದಕ್ಕಾಗಿ ಟ್ವಿಟರ್ 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ತೆರಬೇಕಾಯಿತು. ಈ ವಿಷಯದಲ್ಲಿ ನಡೆದಿರುವ ನಂಬಿಕೆದ್ರೋಹಗಳಲ್ಲಿ ಇದನ್ನೇ ನಾನು ಹೆಚ್ಚು ಕೆಟ್ಟದ್ದೆಂದು ಎಣಿಸುತ್ತೇನೆ, ಏಕೆಂದರೆ ಇದು ಎಚ್ಚರಿಕೆಯಿಂದಿರುವವರನ್ನೇ ದಂಡಿಸುತ್ತದೆ ಮತ್ತು ಮುಂದೆ ಭದ್ರತೆಯ ಸಲಹೆ ಕೊಡುವ ಯಾರನ್ನೂ ಜನ ನಂಬದಂತೆ ಮಾಡುತ್ತದೆ. ಸಂಖ್ಯೆ ಕೊಡದೆಯೂ ಬಳಸಬಹುದಾದ ಅಥೆಂಟಿಕೇಟರ್ ಅಥವಾ ಪಾಸ್‌ಕೀಯನ್ನು ಆರಿಸಿಕೊಳ್ಳಲು ಇದು ಇನ್ನೊಂದು ಕಾರಣ.

ಖಾಸಗಿ ಸಂದೇಶಗಳ ಬಗ್ಗೆ ಗೊಂದಲ ಹೆಚ್ಚು. ಕಳುಹಿಸಿದವರು ಮತ್ತು ಪಡೆದವರ ಹೊರತು ಕಂಪನಿಯೂ ಓದಲಾಗದ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಎಲ್ಲರಿಗೂ ಇದೆ. ಆದರೆ ಕ್ಲೌಡ್‌ನಲ್ಲಿ ಉಳಿಸುವ ಬ್ಯಾಕಪ್‌ಗೂ ಅದೇ ರಕ್ಷಣೆ ಕೊಡುವ ಆಯ್ಕೆ ಬಂದದ್ದು 2021ರಲ್ಲಿ, ಮತ್ತು ಅದನ್ನು ಬಳಕೆದಾರರೇ ಆನ್ ಮಾಡಿಕೊಳ್ಳಬೇಕು. ಟೆಲಿಗ್ರಾಂನ ಸಾಮಾನ್ಯ ಸಂಭಾಷಣೆಗಳಿಗೆ ಈ ರಕ್ಷಣೆ ಇಲ್ಲ. ‘ಸೀಕ್ರೆಟ್ ಚಾಟ್’ ಎಂದು ಬೇರೆಯಾಗಿ ಆರಂಭಿಸಿದ ಇಬ್ಬರ ಮಾತಿಗೆ ಮಾತ್ರ ಇದೆ. ಗೂಢಲಿಪಿ ಇದ್ದ ಕಡೆಯಲ್ಲೂ ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಎಂಬುದು ಸಾಮಾನ್ಯವಾಗಿ ಕಂಪನಿಯ ಕಣ್ಣಿಗೆ ಬೀಳುತ್ತದೆ.

ಕೇಳಿ ಪಡೆಯುವ ಹಕ್ಕು, ಬಿಟ್ಟು ಹೊರಡುವ ಬಗೆ

ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ 2011ರಲ್ಲಿ ತನ್ನ ಬಗ್ಗೆ ಇರುವ ಮಾಹಿತಿಯೆಲ್ಲ ಬೇಕೆಂದು ಫೇಸ್‌ಬುಕ್ಕನ್ನು ಕೇಳಿದರು. ಬಂದದ್ದು 1,200ಕ್ಕೂ ಹೆಚ್ಚು ಪುಟಗಳು. ಅವರು ಅಳಿಸಿದ್ದೇನೆ ಎಂದುಕೊಂಡಿದ್ದ ಸಂದೇಶಗಳೂ ಅದರಲ್ಲಿದ್ದವು. 2018ರ ಮೇ 25ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಕಾನೂನು ತನ್ನ ಮಾಹಿತಿಯನ್ನು ನೋಡುವ, ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕುಗಳನ್ನು ಬಲಪಡಿಸಿತು. ಈಗ ದೊಡ್ಡ ಸೇವೆಗಳೆಲ್ಲ ‘ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ’ ಎಂಬ ಸೌಲಭ್ಯವನ್ನು ಯಾವ ದೇಶದವರಿಗಾದರೂ ಕೊಡುತ್ತಿವೆ. ಅದನ್ನು ಬಳಸಿ ಒಮ್ಮೆ ಆ ಕಡತಗಳನ್ನು ತೆರೆದು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಜಾಹೀರಾತುದಾರರಿಗೆ ನಮ್ಮನ್ನು ಪರಿಚಯಿಸುವ ಆಸಕ್ತಿಗಳ ಪಟ್ಟಿ, ಹೊರಗಿನ ಯಾವ ಯಾವ ತಾಣಗಳು ನಮ್ಮ ಭೇಟಿಯ ಸುದ್ದಿಯನ್ನು ಜಾಲತಾಣಕ್ಕೆ ಮುಟ್ಟಿಸಿವೆ ಎಂಬ ವಿವರ, ಹಿಂದೆಂದೋ ಹುಡುಕಿದ ಹೆಸರುಗಳು ಅದರಲ್ಲಿ ಕಾಣಸಿಗಬಹುದು. ಯಾವ ಸೆಟ್ಟಿಂಗನ್ನು ಬದಲಿಸಬೇಕು ಎಂಬುದು ಆಮೇಲೆ ಇನ್ನೊಬ್ಬರು ಹೇಳಿಕೊಡಬೇಕಾದ ವಿಷಯವಾಗಿ ಉಳಿಯುವುದಿಲ್ಲ.

ಬೇಡವಾದ ಖಾತೆಯನ್ನು ಬಳಸದೆ ಬಿಡುವುದಕ್ಕೂ ಮುಚ್ಚುವುದಕ್ಕೂ ವ್ಯತ್ಯಾಸವಿದೆ. ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೆ ಇತರರಿಗೆ ಕಾಣುವುದು ನಿಲ್ಲುತ್ತದೆ, ಮಾಹಿತಿ ಅಲ್ಲೇ ಇರುತ್ತದೆ. ಶಾಶ್ವತವಾಗಿ ಅಳಿಸಲು ಕೋರಿದರೆ ಫೇಸ್‌ಬುಕ್ ಮನಸ್ಸು ಬದಲಿಸಲು 30 ದಿನಗಳ ಅವಕಾಶ ಕೊಡುತ್ತದೆ, ಮತ್ತು ಎಲ್ಲವೂ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು ಎನ್ನುತ್ತದೆ. ಆ 30 ದಿನಗಳೊಳಗೆ ಲಾಗಿನ್ ಆಗಿ ಖಾತೆಯನ್ನು ಉಳಿಸಿಕೊಂಡರೆ ಕೋರಿಕೆ ರದ್ದಾಗುತ್ತದೆ. ಇಮೇಲ್ ಖಾತೆಯನ್ನು ಬಿಡುವಾಗ ಅನುಸರಿಸಬೇಕಾದ ಕ್ರಮ ಬೇರೆ, ಮತ್ತು ಇಲ್ಲಿ ಆತುರ ಕೂಡದು. ಯಾಹೂ 2013ರಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ವಿಳಾಸಗಳನ್ನು ಹೊಸಬರಿಗೆ ಹಂಚಿದಾಗ, ಅವುಗಳನ್ನು ಪಡೆದ ಕೆಲವರಿಗೆ ಹಿಂದಿನವರ ಖಾತೆ ವಿವರಗಳೂ ಖಾಸಗಿ ಪತ್ರಗಳೂ ಬರತೊಡಗಿದವು. ಗೂಗಲ್ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಆದ್ದರಿಂದ ಹಳೆಯ ವಿಳಾಸವನ್ನು ಮುಚ್ಚುವ ಮೊದಲು ಅದರ ಪತ್ರಪೆಟ್ಟಿಗೆಯಲ್ಲೇ ‘ಸ್ವಾಗತ’, ‘ಖಾತೆ’, ‘ಪಾಸ್‌ವರ್ಡ್’ ಎಂಬ ಪದಗಳನ್ನು ಇಂಗ್ಲಿಷ್‌ನಲ್ಲೂ ಹುಡುಕಿ, ಆ ವಿಳಾಸ ಕೊಟ್ಟು ತೆರೆದ ಸೇವೆಗಳ ಪಟ್ಟಿ ಮಾಡಿಕೊಂಡು, ಒಂದೊಂದರಲ್ಲೂ ಮರುಪ್ರಾಪ್ತಿಯ ವಿಳಾಸವನ್ನು ಹೊಸದಕ್ಕೆ ಬದಲಿಸಬೇಕು. ಬೇಕಿಲ್ಲದ ಖಾತೆಗಳನ್ನು ಆಗಲೇ ಮುಚ್ಚಬೇಕು. ಇಮೇಲ್ ಖಾತೆಯನ್ನು ಮುಚ್ಚುವ ಸರದಿ ಬರುವುದು ಕೊನೆಯಲ್ಲಿ, ಕೆಲವು ತಿಂಗಳು ಅಲ್ಲಿಗೆ ಯಾವ ಮುಖ್ಯ ಪತ್ರವೂ ಬರುತ್ತಿಲ್ಲ ಎಂಬುದು ಖಚಿತವಾದ ಮೇಲೆ.